ಜರ್ಮನಿಯಲ್ಲಿ ಎಂಎಸ್: ಆರನೇ ಸೆಮಿಸ್ಟರ್ ಮುಗಿದಾಗಲೇ ಶುರು ಮಾಡಬೇಕಾದ ಕೆಲಸಗಳು

ಎಂಟು ಸಿಜಿಪಿಎ ಇದ್ದೂ, ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಏಳು ಬಂದೂ ಜರ್ಮನಿಗೆ ಹೋಗಲಾಗದೆ ಒಂದು ವರ್ಷ ಕಳೆದುಕೊಳ್ಳುವವರು ಪ್ರತಿವರ್ಷ ಇದ್ದೇ ಇರುತ್ತಾರೆ. ಅವರಿಗೆ ಕಡಿಮೆ ಬಿದ್ದದ್ದು ಅಂಕವಲ್ಲ, ಸಮಯ. ಒಂದು ಕಾಗದ ಬರದೆ ಇನ್ನೊಂದಕ್ಕೆ ಅರ್ಜಿ ಹಾಕುವಂತಿಲ್ಲ, ಅದು ಬರದೆ ಮುಂದಿನದಿಲ್ಲ. ಈ ಸರಪಳಿಯ ಕ್ರಮ ಗೊತ್ತಿದ್ದರೆ ಕನ್ಸಲ್ಟೆನ್ಸಿಗೆ ಲಕ್ಷಗಟ್ಟಲೆ ಕೊಡುವ ಅಗತ್ಯವಿಲ್ಲ. ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು, ಅದರಲ್ಲೂ ವಿಟಿಯು ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟು ಈ ಲೇಖನ ಬರೆದಿದೆ.

ಅಕ್ಟೋಬರ್‌ನಿಂದ ಹಿಂದಕ್ಕೆ ಎಣಿಸಿ

ಜರ್ಮನಿಯ ವಿಂಟರ್ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಪಾಠ ಅಕ್ಟೋಬರ್ ಮಧ್ಯಕ್ಕೆ. ಹೊಖ್‌ಶೂಲೆ ಎಂದು ಕರೆಯುವ ಪ್ರಯೋಗಪ್ರಧಾನ ಕಾಲೇಜುಗಳಲ್ಲಿ ಕೆಲವೆಡೆ ಸೆಪ್ಟೆಂಬರ್ ಕೊನೆಗೇ. ಅಷ್ಟರೊಳಗೆ ವೀಸಾ ಕೈಯಲ್ಲಿರಬೇಕೆಂದರೆ ಜೂನ್‌ನಲ್ಲಿ, ತೀರಾ ತಡವೆಂದರೆ ಜುಲೈ ಮೊದಲ ವಾರದಲ್ಲಿ ವೀಸಾ ಅರ್ಜಿ ಹೋಗಬೇಕು. ಅಂದರೆ ಅಡ್ಮಿಷನ್ ಪತ್ರ ಮೇ–ಜೂನ್‌ಗೆ ಬರಬೇಕು, ಅರ್ಜಿಗಳು ಡಿಸೆಂಬರ್‌ನಿಂದ ಮಾರ್ಚ್‌ನೊಳಗೆ ಹೋಗಿರಬೇಕು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಎಷ್ಟೋ ವೆಬ್‌ಸೈಟುಗಳಲ್ಲಿ ಕೊನೆಯ ದಿನಾಂಕ ಜುಲೈ 15 ಎಂದಿರುತ್ತದೆ. ಆ ದಿನಾಂಕ ವೀಸಾ ಬೇಡದವರಿಗೆ ಹೊಂದುತ್ತದೆ. ಜುಲೈ 15ಕ್ಕೆ ಅರ್ಜಿ ಹಾಕಿದ ಭಾರತೀಯ ವಿದ್ಯಾರ್ಥಿಗೆ ಪತ್ರ ಬರುವುದು ಆಗಸ್ಟ್‌ನಲ್ಲಿ. ಆಮೇಲೆ ವೀಸಾ ಸಿಗುವಷ್ಟರಲ್ಲಿ ನೋಂದಣಿ ಮುಗಿದಿರುತ್ತದೆ. ಜೊತೆಗೆ ಇಂಗ್ಲಿಷ್ ಮಾಧ್ಯಮದ ಕೋರ್ಸ್‌ಗಳು ಹೊರದೇಶದವರಿಗೆ ಬೇರೆ, ಬೇಗನೆ ಮುಗಿಯುವ ಗಡುವು ಇಡುತ್ತವೆ. ಆಖೆನ್‌ನ ಆರ್‌ಡಬ್ಲ್ಯುಟಿಎಚ್‌ನಲ್ಲಿ ಹಲವು ಕೋರ್ಸ್‌ಗಳಿಗೆ ಮಾರ್ಚ್ 1, ಮ್ಯೂನಿಕ್‌ನ ಟಿಯುಎಂನಲ್ಲಿ ಹಲವು ಕೋರ್ಸ್‌ಗಳಿಗೆ ಮೇ 31. ಕೋರ್ಸ್‌ನಿಂದ ಕೋರ್ಸ್‌ಗೆ ದಿನಾಂಕ ಬದಲಾಗುವುದರಿಂದ ವಿಶ್ವವಿದ್ಯಾಲಯದ ಮುಖಪುಟ ನೋಡಿದರೆ ಸಾಲದು, ಆ ಕೋರ್ಸ್‌ನ ಪುಟವನ್ನೇ ತೆರೆದು ನೋಡಿ.

ಇನ್ನೂ ಹಿಂದಕ್ಕೆ ಹೋದರೆ: ಡಿಸೆಂಬರ್‌ಗೆ ನಿಮ್ಮ ಕಾಗದಗಳು ಅಸಲಿ ಎಂದು ಹೇಳುವ ಎಪಿಎಸ್ ಸರ್ಟಿಫಿಕೇಟ್ ಇರಬೇಕು, ಅದಕ್ಕೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಅರ್ಜಿ, ಆಗಸ್ಟ್‌ನಲ್ಲಿ ಮಾರ್ಕ್ಸ್ ಕಾರ್ಡ್‌ಗಳೆಲ್ಲ ಜೋಡಣೆ, ಅದೇ ಹೊತ್ತಿಗೆ ಐಇಎಲ್‌ಟಿಎಸ್. ಒಟ್ಟು ಹದಿನಾಲ್ಕು–ಹದಿನೈದು ತಿಂಗಳು. ಆರನೇ ಸೆಮ್ ಮುಗಿದ ರಜೆಯಲ್ಲಿ ಕೆಲಸ ಶುರು ಎಂದಿಟ್ಟುಕೊಳ್ಳಿ.

ಮೊದಲ ಕೆಲಸ: ಹೆಸರು

ಇದು ಕರ್ನಾಟಕದವರಿಗೇ ಹೆಚ್ಚಾಗಿ ಬರುವ ತೊಡಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ರಂಜಿತಾ ಎಂ ಎಸ್’, ಆಧಾರ್‌ನಲ್ಲಿ ‘ರಂಜಿತಾ ಎಂ’, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದ ಪೂರ್ತಿ ಹೆಸರು. ಇಲ್ಲವೇ ಹೆಸರೆಲ್ಲ ‘ಗಿವನ್ ನೇಮ್’ ಜಾಗದಲ್ಲಿದ್ದು ಸರ್‌ನೇಮ್ ಖಾಲಿ. ಜರ್ಮನಿಯ ಯಾವ ಫಾರಮ್ಮೂ ಸರ್‌ನೇಮ್ ಇಲ್ಲದೆ ಮುಂದಕ್ಕೆ ಹೋಗುವುದಿಲ್ಲ. ಒಂದು ಕಡೆ ಚುಕ್ಕೆ, ಇನ್ನೊಂದು ಕಡೆ ಇನಿಷಿಯಲ್, ಮತ್ತೊಂದು ಕಡೆ ಹೆಸರನ್ನೇ ಎರಡು ಸಲ ತುಂಬಿದರೆ ಎಪಿಎಸ್, ಅಡ್ಮಿಷನ್ ಪತ್ರ, ಬ್ಲಾಕ್ಡ್ ಅಕೌಂಟ್ (ವೀಸಾಕ್ಕೆ ಹಣ ಇಟ್ಟು ತೋರಿಸುವ ಖಾತೆ), ಇನ್ಶೂರೆನ್ಸ್ ನಾಲ್ಕರಲ್ಲೂ ನಾಲ್ಕು ಹೆಸರು ಕೂರುತ್ತದೆ. ವೀಸಾ ಹಂತದಲ್ಲಿ ಅದನ್ನು ಸರಿಪಡಿಸಲು ಒಂದೊಂದು ಸಂಸ್ಥೆಗೂ ಬೇರೆ ಬೇರೆ ಬರೆಯಬೇಕು.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಉಳಿದೆಲ್ಲಕ್ಕೂ ಮೊದಲು ಅದನ್ನು ತುಂಬಿಸಿ ಮರುವಿತರಣೆ ಮಾಡಿಸಿಕೊಳ್ಳಿ. ಆಮೇಲೆ ಎಲ್ಲ ಅರ್ಜಿಗಳಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದಂತೆ, ಅಕ್ಷರ ತಪ್ಪದೆ ಬರೆಯಿರಿ. ಮಾರ್ಕ್ಸ್ ಕಾರ್ಡಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಬ್ಬರದೇ ಎಂದು ನೋಟರಿ ಮುಂದೆ ಇಂಗ್ಲಿಷ್‌ನಲ್ಲಿ ಒಂದು ಅಫಿಡವಿಟ್ ಮಾಡಿಸಿ, ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.

ನಿಮ್ಮ ಸಿಜಿಪಿಎ ಅಲ್ಲಿ ಎಷ್ಟಾಗುತ್ತದೆ?

ಜರ್ಮನಿಯಲ್ಲಿ 1 ಎಂದರೆ ಅತ್ಯುತ್ತಮ, 4 ಎಂದರೆ ಬರೀ ಪಾಸು. ನಮ್ಮ ಅಂಕವನ್ನು ಅದಕ್ಕೆ ಬದಲಿಸುವ ಲೆಕ್ಕಕ್ಕೆ ಮಾಡಿಫೈಡ್ ಬವೇರಿಯನ್ ಫಾರ್ಮುಲಾ ಎನ್ನುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಗರಿಷ್ಠ ಅಂಕದಿಂದ ಪಾಸಾಗಲು ಬೇಕಾದ ಕನಿಷ್ಠ ಅಂಕ ಕಳೆಯಿರಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ.

ಸಿಜಿಪಿಎ 7.2 ಎಂದಿಟ್ಟುಕೊಳ್ಳೋಣ. ಕನಿಷ್ಠ ಪಾಸು 4 ಎಂದು ಹಿಡಿದರೆ 2.8 ಭಾಗಿಸು 6, ಗುಣಿಸು 3, ಕೂಡಿಸು 1: ಉತ್ತರ 2.4. ಕನಿಷ್ಠ ಪಾಸು 5 ಎಂದು ಹಿಡಿದರೆ ಅದೇ 7.2 ಸುಮಾರು 2.7 ಆಗುತ್ತದೆ. ಎಷ್ಟೋ ಕೋರ್ಸ್‌ಗಳು 2.5ಕ್ಕೆ ಗೆರೆ ಎಳೆಯುತ್ತವೆ. ಒಂದು ಲೆಕ್ಕದಲ್ಲಿ ನೀವು ಗೆರೆಯ ಒಳಗೆ, ಇನ್ನೊಂದರಲ್ಲಿ ಹೊರಗೆ. ಹಾಗಾಗಿ ಮಾರ್ಕ್ಸ್ ಕಾರ್ಡಿನ ಹಿಂಬದಿಯಲ್ಲಿ ಗ್ರೇಡಿನ ಪಟ್ಟಿ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಇಲ್ಲದಿದ್ದರೆ ಕನಿಷ್ಠ ಪಾಸು ಎಷ್ಟೆಂದು ತಿಳಿಸುವ ಪತ್ರವನ್ನು ಕಾಲೇಜಿನಿಂದ ಲೆಟರ್‌ಹೆಡ್‌ನಲ್ಲಿ ತೆಗೆದುಕೊಳ್ಳಿ. ಯಾವ ಲೆಕ್ಕ ಹಿಡಿಯುತ್ತಾರೆಂಬುದು ಅವರ ತೀರ್ಮಾನ. ಅದಕ್ಕೇ ಗೆರೆಯ ಅಂಚಿನಲ್ಲಿರುವವರು ಎರಡೂ ಉತ್ತರ ಹಾಕಿ ನೋಡಿ, ಕೆಟ್ಟ ಉತ್ತರದಲ್ಲೂ ಸಲ್ಲುವ ಮೂರು ಕೋರ್ಸ್‌ಗಳನ್ನಾದರೂ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಬ್ಯಾಕ್‌ಲಾಗ್ ಇದ್ದವರು ಫೇಲಾದ ಸೆಮ್‌ನ ಮಾರ್ಕ್ಸ್ ಕಾರ್ಡನ್ನು ಮುಚ್ಚಿಡಬೇಡಿ. ದಾಖಲೆ ಪರಿಶೀಲನೆಗೆಂದೇ ಒಂದು ಸಂಸ್ಥೆ ಇರುವಾಗ ಮರೆಮಾಚಿದ ಕಾಗದ ಫೇಲ್‌ಗಿಂತ ಹೆಚ್ಚು ಕೆಡಿಸುತ್ತದೆ.

ಕೋರ್ಸ್ ಆರಿಸುವುದು

ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ಅಂತರರಾಷ್ಟ್ರೀಯ ಕೋರ್ಸ್‌ಗಳ ಹುಡುಕುತಾಣದಲ್ಲಿ ಮಾಸ್ಟರ್, ಇಂಗ್ಲಿಷ್ ಮಾಧ್ಯಮ, ಶುಲ್ಕ ಇಲ್ಲ ಎಂದು ಸೋಸಿದರೆ ಪಟ್ಟಿ ಸಿಗುತ್ತದೆ. ಅದರಲ್ಲಿ ಮೊದಲು ನೋಡಬೇಕಾದ್ದು ಊರೂ ಅಲ್ಲ, ರ‍್ಯಾಂಕಿಂಗೂ ಅಲ್ಲ. ‘ಪ್ರವೇಶಕ್ಕೆ ಬೇಕಾದ ಅರ್ಹತೆ’ ಎಂಬ ಭಾಗ. ಗಣಿತದಲ್ಲಿ ಇಷ್ಟು ಇಸಿಟಿಎಸ್ (ಯುರೋಪಿನ ಕ್ರೆಡಿಟ್), ಥಿಯರೆಟಿಕಲ್ ಕಂಪ್ಯೂಟರ್ ಸೈನ್ಸ್‌ನಲ್ಲಿ ಇಷ್ಟು ಎಂದು ಬರೆದಿರುತ್ತಾರೆ. ಅಲ್ಲಿ ಒಂದು ವರ್ಷದ ಪೂರ್ಣ ಓದು 60 ಇಸಿಟಿಎಸ್. ನಮ್ಮ ನಾಲ್ಕು ವರ್ಷದ ಬಿಇ ಆ ಲೆಕ್ಕಕ್ಕೆ 240. ವಿಟಿಯುನ 2022ರ ಸ್ಕೀಮಿನಲ್ಲಿ ಒಟ್ಟು 160 ಕ್ರೆಡಿಟ್ ಇರುವುದರಿಂದ 4 ಕ್ರೆಡಿಟ್‌ನ ವಿಷಯ ಸರಿಸುಮಾರು 6 ಇಸಿಟಿಎಸ್ ಆಗುತ್ತದೆ. ಒಂದು ಶೀಟ್‌ನಲ್ಲಿ ಎಡಕ್ಕೆ ಅವರು ಕೇಳುವ ವಿಷಯ, ಬಲಕ್ಕೆ ನೀವು ಓದಿದ ವಿಷಯ, ಕೋಡ್, ಕ್ರೆಡಿಟ್ ಬರೆದು ಕೂಡಿ. ಮೆಕ್ಯಾನಿಕಲ್ ಓದಿ ಡೇಟಾ ಸೈನ್ಸ್‌ಗೆ ಹಾರಬೇಕೆನ್ನುವವರ ಅರ್ಜಿ ಬಿದ್ದುಹೋಗುವುದು ಇಲ್ಲಿಯೇ. ಸಿಜಿಪಿಎ 9 ಇದ್ದರೂ ವಿಷಯ ಹೊಂದದಿದ್ದರೆ ಆಗುವುದಿಲ್ಲ. ವಿಟಿಯು ಸಿಲಬಸ್‌ನ ಪಿಡಿಎಫ್‌ಗಳನ್ನು ಈಗಲೇ ಇಳಿಸಿಕೊಳ್ಳಿ, ಬಹಳ ಕಡೆ ಅದನ್ನು ಕೇಳುತ್ತಾರೆ.

ಮೂರು ವರ್ಷದ ಬಿಎಸ್ಸಿ, ಬಿಸಿಎ ಮಾಡಿದವರು 180 ಇಸಿಟಿಎಸ್ ಸಾಕೆನ್ನುವ ಕೋರ್ಸ್‌ಗಳನ್ನು ಮಾತ್ರ ನೋಡಿ. 210 ಕೇಳುವ ಕಡೆ ಅರ್ಜಿ ಶುಲ್ಕ ದಂಡ. 180 ಸಾಕೆಂದಿದ್ದರೂ ಭಾರತದ ಮೂರು ವರ್ಷದ ಪದವಿಯನ್ನು ಒಪ್ಪುತ್ತೀರಾ ಎಂದು ಮೊದಲು ಇಮೇಲ್ ಬರೆದು ಕೇಳಿ.

ಶುಲ್ಕವಿಲ್ಲ ಎಂಬ ಮಾತಿಗೆ ಎರಡು ಮುಖ್ಯ ಅಪವಾದಗಳಿವೆ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಫ್ರೈಬುರ್ಗ್ ಇರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರು ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಟಿಯುಎಂ 2024ರ ವಿಂಟರ್ ಸೆಮಿಸ್ಟರ್‌ನಿಂದ ಮಾಸ್ಟರ್ ಕೋರ್ಸ್‌ಗಳಿಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ಶುಲ್ಕ ತಂದಿದೆ. ಉಳಿದ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ವಂತಿಗೆ ಮಾತ್ರ, ಊರಿಗೆ ತಕ್ಕಂತೆ 100ರಿಂದ 400 ಯೂರೋ.

‘ಎಪಿಎಸ್ ಆಗುವಷ್ಟರಲ್ಲಿ ಸೀಟು ಗ್ಯಾರಂಟಿ’ ಎನ್ನುವ ಏಜೆಂಟರು ತೋರಿಸುವುದು ಹೆಚ್ಚಾಗಿ ಖಾಸಗಿ ಕಾಲೇಜುಗಳನ್ನು. ಕಮಿಷನ್ ಬರುವುದು ಅಲ್ಲಿಂದ. ಹಾಗೆಂದು ಖಾಸಗಿ ಕಾಲೇಜೆಲ್ಲ ಕೆಟ್ಟದ್ದೆಂದಲ್ಲ. ಆದರೆ ವರ್ಷಕ್ಕೆ ಹತ್ತು ಹನ್ನೆರಡು ಲಕ್ಷ ಕೊಟ್ಟು ಓದುವ ಮೊದಲು ಆ ಕಾಲೇಜಿಗೆ ಅಲ್ಲಿನ ಸರ್ಕಾರದ ಮಾನ್ಯತೆ ಇದೆಯೇ, ಪದವಿ ಕೊಡುವವರು ಯಾರು ಎಂದು ಹೊಖ್‌ಶೂಲ್‌ಕಾಂಪಸ್ ತಾಣದಲ್ಲಿ ಖುದ್ದಾಗಿ ನೋಡಿ.

ಎಪಿಎಸ್

2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ. ದೆಹಲಿಯಲ್ಲಿರುವ ಈ ಕಚೇರಿ ನಿಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಕಾಗದಗಳು ಅಸಲಿಯೇ ಎಂದು ಪರಿಶೀಲಿಸುತ್ತದೆ. ಶುಲ್ಕ 18,000 ರೂಪಾಯಿ. ತೆಗೆದುಕೊಳ್ಳುವ ಸಮಯ ಕೆಲವೊಮ್ಮೆ ಒಂದು ತಿಂಗಳು. ಸೀಸನ್‌ನಲ್ಲಿ ಮೂರು ತಿಂಗಳು ಇಟ್ಟುಕೊಂಡರೆ ನಿದ್ದೆ ಬರುತ್ತದೆ. ಒಮ್ಮೆ ಪಡೆದ ಸರ್ಟಿಫಿಕೇಟ್‌ಗೆ ಅವಧಿ ಮುಗಿಯುವುದೆಂಬುದಿಲ್ಲ, ಆದ್ದರಿಂದ ಬೇಗ ಮಾಡಿಸಿದರೆ ನಷ್ಟವಿಲ್ಲ.

ತಡವಾಗುವ ಕಾರಣಗಳು ಸಣ್ಣವು. ಸಹಿ ಇಲ್ಲದ ಫಾರಮ್, ಕಪ್ಪು-ಬಿಳುಪು ಸ್ಕ್ಯಾನ್, ಮಾರ್ಕ್ಸ್ ಕಾರ್ಡಿನ ಹಿಂಬದಿ ಬಿಟ್ಟುಹೋಗಿರುವುದು, ಮೊಬೈಲ್‌ನಲ್ಲಿ ತೆಗೆದ ನೆರಳು ಬಿದ್ದ ಫೋಟೋ. ಜೆರಾಕ್ಸ್ ಅಂಗಡಿಯಲ್ಲಿ ಫ್ಲಾಟ್ ಸ್ಕ್ಯಾನರ್‌ನಲ್ಲಿ, ಅಸಲಿ ಕಾಗದವನ್ನೇ, ಬಣ್ಣದಲ್ಲಿ, 300 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಈ ಒಂದು ಫೋಲ್ಡರ್ ಎಪಿಎಸ್‌ಗೂ ಅರ್ಜಿಗಳಿಗೂ ವೀಸಾಕ್ಕೂ ನಡೆಯುತ್ತದೆ.

ಅರ್ಜಿ

ಕೆಲವು ವಿಶ್ವವಿದ್ಯಾಲಯಗಳು ತಮ್ಮ ಪೋರ್ಟಲ್‌ನಲ್ಲೇ ನೇರ ಅರ್ಜಿ ತೆಗೆದುಕೊಳ್ಳುತ್ತವೆ, ಬಹಳಷ್ಟು ಕಡೆ ಶುಲ್ಕವೂ ಇಲ್ಲ. ಇನ್ನು ಕೆಲವು ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ. ಅಲ್ಲಿ ಒಂದು ಸೆಮಿಸ್ಟರ್‌ಗೆ ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿಯೊಂದಕ್ಕೆ 30. ಆರು ಕೋರ್ಸ್‌ಗೆ ಹಾಕಿದರೆ 225 ಯೂರೋ. ದುಡ್ಡು ತಲುಪುವ ತನಕ ಯೂನಿ-ಅಸಿಸ್ಟ್ ಅರ್ಜಿಯನ್ನು ಮುಟ್ಟುವುದಿಲ್ಲ, ಮುಟ್ಟಿದ ಮೇಲೂ ನಾಲ್ಕರಿಂದ ಆರು ವಾರ ಬೇಕು. ಕೊನೆಯ ದಿನ ಹಾಕಿದ ಅರ್ಜಿಯಲ್ಲಿ ಒಂದು ಕಾಗದ ಕಡಿಮೆ ಇದ್ದರೆ ಸೇರಿಸಲು ಸಮಯವೇ ಉಳಿಯುವುದಿಲ್ಲ. ಟಿಯುಎಂನಂಥ ಕಡೆ ಇನ್ನೊಂದು ಮೆಟ್ಟಿಲಿದೆ: ಮೊದಲು ಯೂನಿ-ಅಸಿಸ್ಟ್‌ನಿಂದ ವಿಪಿಡಿ ಎಂಬ ಅಂಕ ಪರಿವರ್ತನೆಯ ಪತ್ರ ತೆಗೆದು, ಅದನ್ನು ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಹಾಕಬೇಕು. ಗಡುವಿಗೆ ಎರಡು ತಿಂಗಳ ಮೊದಲು ವಿಪಿಡಿಗೆ ಹಾಕಿ.

ಐಇಎಲ್‌ಟಿಎಸ್‌ನಲ್ಲಿ ಒಟ್ಟು 6.5 ಹೆಚ್ಚಿನ ಕಡೆ ಸಾಕು. ಫಲಿತಾಂಶ ಎರಡು ವರ್ಷ ಮಾತ್ರ ನಡೆಯುವುದರಿಂದ ತೀರಾ ಬೇಗ ಬರೆದಿಡಬೇಡಿ. ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ ಎಂಬ ಕಾಲೇಜಿನ ಪತ್ರವನ್ನು ಕೆಲವು ಕಡೆ ಒಪ್ಪಿದರೂ ಅದನ್ನೇ ನಂಬಿ ಕೂರಬೇಡಿ. ಜಿಆರ್‌ಇ ಎಲ್ಲ ಕಡೆ ಬೇಡ, ಕೇಳುವ ಕೆಲವೇ ಕೋರ್ಸ್‌ಗಳಿವೆ.

ಮೋಟಿವೇಷನ್ ಲೆಟರ್ ಒಂದರಿಂದ ಎರಡು ಪುಟ. ‘ಚಿಕ್ಕಂದಿನಿಂದ ನನಗೆ ಯಂತ್ರಗಳೆಂದರೆ ಇಷ್ಟ’ ಎಂದು ಶುರುವಾದ ಪತ್ರವನ್ನು ಓದುವವರು ಎಷ್ಟು ಓದಿರುತ್ತಾರೋ! ಅದರ ಬದಲು ಕೋರ್ಸ್‌ನ ವಿಷಯಗಳ ವಿವರವಿರುವ ಅವರ ಮಾಡ್ಯೂಲ್ ಹ್ಯಾಂಡ್‌ಬುಕ್ ತೆರೆದು, ನಿಮ್ಮ ಅಂತಿಮ ವರ್ಷದ ಪ್ರಾಜೆಕ್ಟ್‌ನಲ್ಲಿ ನೀವು ಮಾಡಿದ್ದೇನು, ಎಲ್ಲಿ ಸಿಕ್ಕಿಬಿದ್ದಿರಿ, ಅಲ್ಲಿನ ಯಾವ ಎರಡು ಮೂರು ಪೇಪರ್‌ಗಳು ಅದಕ್ಕೆ ನೆರವಾಗುತ್ತವೆ ಎಂದು ಹೆಸರು ಹಿಡಿದು ಬರೆಯಿರಿ. ಶಿಫಾರಸು ಪತ್ರ ಬರೆಯುವ ಮೇಷ್ಟ್ರಿಗೆ ಕಾಲೇಜಿನ ಇಮೇಲ್ ವಿಳಾಸ ಇರಲಿ, ಜಿಮೇಲ್ ಬೇಡ.

ಎಂಟನೇ ಸೆಮ್ ಫಲಿತಾಂಶ ಬರುವ ಮೊದಲೇ ಏಳು ಸೆಮ್ ಅಂಕದ ಮೇಲೆ ಅರ್ಜಿ ಹಾಕಬಹುದಾದ ಕೋರ್ಸ್‌ಗಳು ಬಹಳ ಇವೆ. ಆದರೆ ನೋಂದಣಿಯ ಹೊತ್ತಿಗೆ ಪದವಿ ಮುಗಿದ ಪುರಾವೆ ಕೇಳುತ್ತಾರೆ. ಘಟಿಕೋತ್ಸವದ ತನಕ ಕಾಯಲಾಗುವುದಿಲ್ಲವಾದ್ದರಿಂದ ಫಲಿತಾಂಶ ಬಂದ ವಾರವೇ ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿ.

ದುಡ್ಡು

ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯೂರೋ. ಕಳಿಸುವ ಮುನ್ನ ಈಗಿನ ಮೊತ್ತ ನೋಡಿಕೊಳ್ಳಿ. ಈ ದುಡ್ಡು ನಿಮ್ಮದೇ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮಗೇ ಬರುತ್ತದೆ, ವೀಸಾ ಸಿಗದಿದ್ದರೆ ವಾಪಸ್. ಎಕ್ಸ್‌ಪಾಟ್ರಿಯೊ, ಫಿಂಟಿಬಾ, ಕೊರಾಕಲ್ ಮುಂತಾದ ಕಂಪನಿಗಳು ಆನ್‌ಲೈನ್‌ನಲ್ಲೇ ಖಾತೆ ತೆರೆದುಕೊಡುತ್ತವೆ.

ನಮ್ಮ ಬ್ಯಾಂಕಿನಿಂದ ಕಳಿಸುವಾಗ ಮಧ್ಯದ ಬ್ಯಾಂಕ್ ಕಮಿಷನ್ ಮುರಿದುಕೊಂಡು ಇಪ್ಪತ್ತು ಮೂವತ್ತು ಯೂರೋ ಕಡಿಮೆ ತಲುಪುವುದು ಸಾಮಾನ್ಯ. ಅಷ್ಟು ಕಡಿಮೆಯಾದರೂ ವೀಸಾಕ್ಕೆ ಬೇಕಾದ ದೃಢೀಕರಣ ಪತ್ರ ಸಿಗುವುದಿಲ್ಲ. ಮತ್ತೊಂದು ಸಲ ಕಳಿಸಿ ಒಂದು ವಾರ ಕಾಯಬೇಕು. ಎಲ್ಲ ಚಾರ್ಜೂ ಕಳಿಸುವವರದೇ ಎಂಬ ಆಯ್ಕೆಗೆ ಗುರುತು ಹಾಕಿ, ಖಾತೆ ಕಂಪನಿಯ ಶುಲ್ಕವನ್ನೂ ಸೇರಿಸಿ ನೂರು ಯೂರೋ ಹೆಚ್ಚೇ ಕಳಿಸಿ. ಅಪ್ಪ ಅಮ್ಮನ ಖಾತೆಯಿಂದ ಹೋಗುತ್ತಿದ್ದರೆ ರೆಫರೆನ್ಸ್ ನಂಬರ್ ತಪ್ಪದೆ ಬರೆಸಿ. ಒಂದು ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷ ದಾಟಿದ ಮೊತ್ತಕ್ಕೆ ಬ್ಯಾಂಕ್ ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ, ರಿಟರ್ನ್ ಹಾಕಿದಾಗ ಅದನ್ನು ಹೊಂದಿಸಿಕೊಳ್ಳಬಹುದು. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ಹಣಕ್ಕೆ ಟಿಸಿಎಸ್ ಇಲ್ಲ.

ಸಾಲ ಮಾಡುವವರು ಜನವರಿಯಲ್ಲೇ ಬ್ಯಾಂಕಿಗೆ ಹೋಗಿ ಮಾತಾಡಿ. ಶುಲ್ಕವೇ ಇಲ್ಲವೆಂದರೆ ಸಾಲ ಯಾತಕ್ಕೆ ಎಂದು ಕೇಳುವ ಮ್ಯಾನೇಜರುಗಳಿದ್ದಾರೆ. ಬ್ಲಾಕ್ಡ್ ಅಕೌಂಟ್ ಎಂಬುದು ಜೀವನವೆಚ್ಚ, ವೀಸಾಕ್ಕೆ ಅದು ಒಂದೇ ಗಂಟಾಗಿ ಬೇಕು ಎಂದು ರಾಯಭಾರ ಕಚೇರಿಯ ಪುಟದ ಪ್ರಿಂಟ್ ತೋರಿಸಿ, ಮಂಜೂರಾತಿ ಪತ್ರದಲ್ಲೇ ಅದನ್ನು ಬರೆಸಿ. ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ಬಿ ಖಾತಾ ನಿವೇಶನವನ್ನೂ ಕೃಷಿ ಜಮೀನನ್ನೂ ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ಊರಿನ ಮನೆಯಾದರೆ ಇ-ಸ್ವತ್ತಿನ ಫಾರಂ 9 ಮತ್ತು 11 ಸಿದ್ಧವಿರಲಿ. ಲೀಗಲ್ ಒಪಿನಿಯನ್, ವ್ಯಾಲ್ಯುಯೇಷನ್ ಎಂದು ಒಂದೂವರೆ ತಿಂಗಳು ಇದಕ್ಕೇ ಹೋಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರು ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯನ್ನು, ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮವನ್ನು, ಅಲ್ಪಸಂಖ್ಯಾತರು ತಮ್ಮ ಅಭಿವೃದ್ಧಿ ನಿಗಮವನ್ನು ಮೊದಲು ವಿಚಾರಿಸಿ.

ಬ್ಲಾಕ್ಡ್ ಅಕೌಂಟಿನ ಹೊರತಾಗಿ ಕೈಯಲ್ಲಿ 1,500ರಿಂದ 2,000 ಯೂರೋ ಬೇಕೇ ಬೇಕು. ಮನೆಯ ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ, ಸೆಮಿಸ್ಟರ್ ವಂತಿಗೆ ಎಲ್ಲವೂ ಮೊದಲ 992 ಬರುವ ಮೊದಲೇ ಕೇಳುತ್ತವೆ.

ವೀಸಾ

ಕರ್ನಾಟಕದವರ ಅರ್ಜಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿಗೆ ಬರುತ್ತದೆ. 2025ರ ಆರಂಭದಿಂದ ದೀರ್ಘಾವಧಿ ವೀಸಾಕ್ಕೆ ಕಾನ್ಸುಲರ್ ಸರ್ವೀಸಸ್ ಪೋರ್ಟಲ್‌ನಲ್ಲಿ ಕಾಗದಗಳನ್ನು ಹಾಕಬಹುದು. ಅವರು ನೋಡಿ ಕಡಿಮೆ ಇದ್ದದ್ದನ್ನು ಕೇಳುತ್ತಾರೆ, ಆಮೇಲೆ ಬೆರಳಚ್ಚಿಗೆ ಮತ್ತು ಅಸಲಿ ಕಾಗದಕ್ಕೆ ಖುದ್ದಾಗಿ ಹೋಗಬೇಕು. ಶುಲ್ಕ 75 ಯೂರೋ, ರೂಪಾಯಿಯಲ್ಲಿ. ಅಡ್ಮಿಷನ್ ಪತ್ರ, ಎಪಿಎಸ್, ಬ್ಲಾಕ್ಡ್ ಅಕೌಂಟ್ ಪತ್ರ, ಇಂಗ್ಲಿಷ್ ಪುರಾವೆ, ಬಯೋಡೇಟಾ, ಮೋಟಿವೇಷನ್ ಲೆಟರ್, ಇನ್ಶೂರೆನ್ಸ್: ಇವು ಮುಖ್ಯ. ಇನ್ಶೂರೆನ್ಸ್ ಎರಡು ಬಗೆ ಬೇಕು. ನೋಂದಣಿಯಾಗುವ ತನಕದ ಟ್ರಾವೆಲ್ ಇನ್ಶೂರೆನ್ಸ್ ಒಂದು, ಆಮೇಲಿನದಕ್ಕೆ ಟಿಕೆ, ಎಒಕೆಯಂಥ ಸಾರ್ವಜನಿಕ ವಿಮೆ ಇನ್ನೊಂದು. ಮೂವತ್ತು ದಾಟಿದವರಿಗೆ ಸಾರ್ವಜನಿಕ ವಿಮೆಯ ವಿದ್ಯಾರ್ಥಿ ದರ ಸಿಗುವುದಿಲ್ಲ, ಅವರು ಆ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು.

ವೀಸಾ ನಿರಾಕರಿಸಿದರೆ ಮೊದಲು ಪುನರ್‌ಪರಿಶೀಲನೆಗೆ ಉಚಿತವಾಗಿ ಪತ್ರ ಬರೆಯುವ ಅವಕಾಶವಿತ್ತು. 2025ರ ಜುಲೈ 1ರಿಂದ ಅದು ಇಲ್ಲ. ಹೊಸ ಅರ್ಜಿ, ಇಲ್ಲವೇ ಬರ್ಲಿನ್‌ನ ನ್ಯಾಯಾಲಯ, ಎರಡೇ ದಾರಿ. ಅದಕ್ಕಾಗಿ ಮೊದಲ ಅರ್ಜಿಯಲ್ಲೇ ಓದಿನ ನಡುವಿನ ಗ್ಯಾಪ್, ವಿಷಯ ಬದಲಾವಣೆ ಇದ್ದರೆ ಕಾರಣ ಬರೆದು ಪುರಾವೆ ಇಡಿ.

ಮನೆ ಮತ್ತು ಮೊದಲ ವಾರಗಳು

ಅಡ್ಮಿಷನ್ ಪತ್ರ ಬಂದ ದಿನವೇ ಆ ಊರಿನ ಸ್ಟುಡಿಯೆರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲ್‌ಗೆ ಅರ್ಜಿ ಹಾಕಿ, ವೀಸಾಕ್ಕೆ ಕಾಯಬೇಡಿ. ಕೆಮ್ನಿಟ್ಸ್, ಇಲ್ಮೆನಾವ್, ಮಾಗ್ಡೆಬುರ್ಗ್‌ನಂಥ ಪೂರ್ವದ ಊರುಗಳಲ್ಲಿ 300 ಯೂರೋ ಆಸುಪಾಸಿಗೆ ಕೋಣೆ ಸಿಗುತ್ತದೆ. ಮ್ಯೂನಿಕ್‌ನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. 992ರಲ್ಲಿ ವಿಮೆಗೇ ಸುಮಾರು 140–150 ಹೋಗುವುದರಿಂದ ಊರಿನ ಆಯ್ಕೆ ನಿಮ್ಮ ತಿಂಗಳ ಲೆಕ್ಕವನ್ನೇ ಬದಲಿಸುತ್ತದೆ. ‘ನಾನು ಈಗ ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಕಳಿಸಿ, ಕೀಲಿ ಕೊರಿಯರ್ ಮಾಡುತ್ತೇನೆ’ ಎನ್ನುವ ಮಾಲೀಕ ಮೋಸಗಾರ. ಮನೆಯನ್ನು ನೋಡದೆ, ಕರಾರಿಗೆ ಸಹಿಯಾಗದೆ ಒಂದು ಯೂರೋ ಕೂಡ ಕಳಿಸಬೇಡಿ.

ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಅನ್‌ಮೆಲ್ಡುಂಗ್ ಎನ್ನುತ್ತಾರೆ. ಮಾಲೀಕರು ಸಹಿ ಮಾಡಿದ ವಾಸದ ದೃಢೀಕರಣ ಪತ್ರ ಇಲ್ಲದೆ ಇದು ಆಗುವುದಿಲ್ಲ. ಆದ್ದರಿಂದ ಕೋಣೆ ಒಪ್ಪಿಕೊಳ್ಳುವ ಮೊದಲೇ ‘ಇಲ್ಲಿ ಅನ್‌ಮೆಲ್ಡುಂಗ್ ಮಾಡಬಹುದೇ’ ಎಂದು ಕೇಳಿ. ಆಮೇಲೆ ಕ್ರಮವಾಗಿ ಬ್ಯಾಂಕ್ ಖಾತೆ, ಬ್ಲಾಕ್ಡ್ ಅಕೌಂಟ್ ಬಿಡುಗಡೆ, ವಿಶ್ವವಿದ್ಯಾಲಯದ ನೋಂದಣಿ. ವೀಸಾದ ಮೇಲೆ ಬರೆದ ಅವಧಿ ಕೆಲವೇ ತಿಂಗಳಿನದಾಗಿರಬಹುದು. ವಿದೇಶಿಯರ ಕಚೇರಿಯಲ್ಲಿ ವಾಸ ಪರವಾನಗಿಗೆ ದಿನ ಸಿಗಲು ವಾರಗಟ್ಟಲೆ ಹಿಡಿಯುವುದರಿಂದ ತಲುಪಿದ ಮೊದಲ ತಿಂಗಳಲ್ಲೇ ಅಪಾಯಿಂಟ್‌ಮೆಂಟ್ ಕೇಳಿ, ಕೇಳಿದ ಇಮೇಲ್‌ನ ಪ್ರತಿಯನ್ನು ಇಟ್ಟುಕೊಳ್ಳಿ.

ಪಾರ್ಟ್‌ಟೈಮ್ ಕೆಲಸಕ್ಕೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನದ ಅನುಮತಿ ಇದೆ. ಮೊದಲ ಸೆಮಿಸ್ಟರ್‌ನಲ್ಲಿ ಅದರ ಸಂಪಾದನೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಜರ್ಮನ್ ಬಾರದೆ ಸಿಗುವ ಕೆಲಸ ಗೋದಾಮು, ಡೆಲಿವರಿ, ಅಡುಗೆಮನೆಯದು. ಓದಿಗೆ ಸಂಬಂಧಿಸಿದ ವೆರ್ಕ್‌ಸ್ಟೂಡೆಂಟ್ ಕೆಲಸಗಳಲ್ಲಿ ಬಹಳಷ್ಟು ಬಿ1 ಮಟ್ಟದ ಜರ್ಮನ್ ಕೇಳುತ್ತವೆ. ಏಳನೇ ಸೆಮ್‌ನಲ್ಲಿ ಜರ್ಮನ್‌ನ ಮೊದಲ ಮಟ್ಟ ಎ1, ಎಂಟರಲ್ಲಿ ಅದರ ಮುಂದಿನ ಎ2 ಮುಗಿಸಿದವರಿಗೆ ಹೋದ ಮೊದಲ ವರ್ಷದಲ್ಲೇ ಬಿ1 ಕೈಗೆಟುಕುತ್ತದೆ. ಬೆಂಗಳೂರಿನ ಇಂದಿರಾನಗರದ ಗೊಯಟೆ ಇನ್‌ಸ್ಟಿಟ್ಯೂಟ್‌ನಲ್ಲಿ ಬ್ಯಾಚುಗಳು ಬೇಗ ತುಂಬುತ್ತವೆ, ನೋಂದಣಿ ತೆರೆದ ದಿನವೇ ಹೆಸರು ಹಚ್ಚಿ.